ತೊಗರಿ ಹೊಲಕ್ಕೆ ಯಾವ ರೈಫಲ್?

ಊರಲ್ಲಿ ಹಂದಿ ಕಾಟ ಅಂದರೆ ಸಾಕು, ನಮ್ಮ ಆಫೀಸಿನ ಗೆಳೆಯರ ಸಲಹೆ ಒಂದೇ: "ಅಮೆರಿಕದವರ ಹಾಗೆ ಒಳ್ಳೇ ರೈಫಲ್ ತಗೊಳ್ಳಿ!" .22-250 ಕಾಡತೂಸು, 14 ಇಂಚಿಗೆ ಒಂದು ಸುತ್ತಿನ ದಪ್ಪ ನಳಿಕೆ, ಸೆಕೆಂಡಿಗೆ 1000 ಮೀಟರ್ ಮೀರಿದ ವೇಗ...

ಸ್ವಾಮಿ, ಅದು ಹಗಲಲ್ಲಿ, 300 ಮೀಟರ್ ದೂರದ ಪ್ರೇರಿ ಡಾಗ್ ಎಂಬ ಅಳಿಲಿನ ಜಾತಿಯ ಪುಟ್ಟ ಪ್ರಾಣಿಗೆ. ಆ ಹಗುರ ಗುಂಡು ಬಡಿದೊಡನೆ ಚೂರಾಗುತ್ತೆ. ಹಂದಿಯ ಹೆಗಲಿಗೆ ಬಿದ್ದರೆ ಅದು ಸಾಯಲ್ಲ, ಗಾಯಗೊಂಡು ನಿಮ್ಮ ಮೇಲೇ ಬರುತ್ತೆ.

ನಮ್ಮ ಘತ್ತರಗಿಯಲ್ಲಿ ಹಂದಿ ಬರೋದು ರಾತ್ರಿ, ಕಬ್ಬಿನೊಳಗಿಂದ. ಕಣ್ಣಿಗೆ ಕಾಣೋದೇ ಇಪ್ಪತ್ತು ಮಾರು. ಭೀಮೆ ದಂಡೆಯ ಈ ಬಯಲಲ್ಲಿ ಗುರಿ ತಪ್ಪಿದ ಗುಂಡಿಗೆ ಅಡ್ಡ ಒಂದು ಗುಡ್ಡವಿಲ್ಲ, ಕಿಲೋಮೀಟರ್‌ಗಟ್ಟಲೆ ಹೋಗುತ್ತೆ. ಪಕ್ಕದ ಹೊಲದಲ್ಲಿ ನಮ್ಮ ಕಾಕಾ ಟಾರ್ಚ್ ಹಿಡಿದು ಕೂತಿರ್ತಾರೆ!

1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲು ಅಂತ ಹೆಸರಿಸಿರೋದು ಬಾಯಿಂದ ಮದ್ದು ತುಂಬುವ ಕೋವಿ. ಅದಿದ್ದರೂ ಹಂದಿ ಹೊಡೆಯಲು 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇರೆ ಬೇಕು. ಕೃಷ್ಣಮೃಗಕ್ಕಂತೂ ಬೆಳೆ ತಿಂದಿತೆಂಬ ಕಾರಣಕ್ಕೆ ಅನುಮತಿಯೇ ಇಲ್ಲ.

ಕಾಕಾಗೆ ಇದನ್ನೆಲ್ಲ ಹೇಳಿದೆ. "ಬಂದೂಕ ಯಾವಂಗ್ ಬೇಕೋ ತಮ್ಮಾ? ತಿಂದ ತೊಗರಿಗಿ ಪರಿಹಾರ, ಬಿತ್ತೂದ್ರಾಗ ಕೊಡಸ್ತೀಯೇನು?" ಅಂದರು.