ಇಸಿಜಿಗೆ ಕ್ಯೂ ನಿಂತವರು ಬಿಪಿ ನೋಡಿಸಿದ್ರಾ?

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ದಿನಾ ಟಿವಿಯಲ್ಲಿ ಬರ್ತಿತ್ತು. ಹೃದಯಾಘಾತದ ಸುದ್ದಿ ಮೇಲೆ ಸುದ್ದಿ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಮೊಸಳೆಯ ಕಡೆ ಓದೋ ನಮಗೂ ಬೇರೆ ಜಿಲ್ಲೆಯ ನೆಂಟರಿಂದ "ಹುಷಾರಾಗಿದ್ದೀರಾ?" ಅಂತ ಫೋನು. ಆಮೇಲೆ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ವರದಿ ಕೊಟ್ಟಿತು: ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ. ಕಾರಣಗಳ ಸಾಲಿನಲ್ಲಿ ಬಿಪಿ, ಶುಗರ್, ಸಿಗರೇಟು. ಹಳೇ ಹೆಸರುಗಳು, ಹಾಗಾಗಿ ಯಾರಿಗೂ ರುಚಿಸಲಿಲ್ಲ. ಟಿವಿಯವರು ಹೋದರು, ಕ್ಯೂ ಕರಗಿತು.

ನಮ್ಮ ತಕರಾರು ಇಷ್ಟೇ. ಹೆದರಿಕೆ ಹೃದಯಾಘಾತ ಅನ್ನೋ ಒಂದೇ ಪದದ ಸುತ್ತ ಸುತ್ತಿತು. ಬಿಪಿ ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸ ಇದೆ, ಅದನ್ನ ಯಾರೂ ಮಾತಾಡಲಿಲ್ಲ. ಡಾಕ್ಟರು ಅದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ಇದು ಹೃದಯಾಘಾತ ಅಲ್ಲ, ಬಡಿತದ ತಾಳ ತಪ್ಪೋದು.

ನಾವು ಇಂಜಿನಿಯರಿಂಗ್‌ನವರು, ಪಂಪಿನ ಲೆಕ್ಕದಲ್ಲೇ ನೋಡೋಣ. ಪೈಪಿನಲ್ಲಿ ಒತ್ತಡ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಂಪು ಹೆಚ್ಚು ದುಡೀಬೇಕು. ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪಗಾಗಿ ಬಿಗಿಯುತ್ತೆ. ಅದನ್ನ ತುಂಬಿಸೋಕೆ ಮೇಲಿನ ಕೋಣೆ ತಿಣುಕಬೇಕು, ತಿಣುಕಿ ತಿಣುಕಿ ಹಿಗ್ಗುತ್ತೆ, ಅಲ್ಲಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತೆ. ವಿದ್ಯುತ್ ಸಂಕೇತ ನೇರ ಹರಿಯೋ ಬದಲು ಆ ಕಲೆಗಳ ಸುತ್ತ ಗಿರಕಿ ಹೊಡೆಯುತ್ತೆ. ಮೇಲಿನ ಕೋಣೆ ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅದುರುತ್ತೆ, ಸರಿಯಾಗಿ ಹಿಂಡೋದಿಲ್ಲ. ನಿಂತ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಈ ತೊಂದರೆ ಇದ್ದವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು.

ತಮಾಷೆ ನೋಡಿ, ಮಾಮೂಲಿ ಇಸಿಜಿ ಬರೆಯೋದು ಸುಮಾರು 10 ಸೆಕೆಂಡು. ತಾಳ ಬಂದು ಹೋಗಿ ಮಾಡ್ತಿದ್ದರೆ ಅದು ಸಿಕ್ಕೋದು ಅದೃಷ್ಟ. ಗಂಟೆಗಟ್ಟಲೆ ಕ್ಯೂ ನಿಂತು "ನಾರ್ಮಲ್" ಅನ್ನಿಸಿಕೊಂಡು ಬಂದವರು ಮತ್ತೆ ಬಿಪಿ ನೋಡಿಸಿದ್ರಾ? ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸ ಇದೆ. "ಬಿಪಿ ಕಮ್ಮಿ ಆಗಿದೆ" ಅಂತ ಅಪ್ಪಂದಿರು ಮಾತ್ರೆ ಬಿಡ್ತಾರೆ. ಕಮ್ಮಿ ಆಗಿರೋದೇ ಮಾತ್ರೆಯಿಂದ ಸ್ವಾಮಿ! ಎದೆ ಹೊಡ್ಕೊಂಡ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡೀತಾರೆ.

ಡಿಎಸ್‌ಪಿ ಲ್ಯಾಬಿನಲ್ಲಿ ಇಸಿಜಿ ಸಿಗ್ನಲ್‌ನಿಂದ ಬಡಿತ ಹುಡುಕೋ ಪ್ರಾಜೆಕ್ಟ್ ಮಾಡಿ ಮಾರ್ಕ್ಸ್ ತಗೊಳ್ಳೋ ನಾವು, ಕಾಲೇಜಿನ ಬಸ್ ಡ್ರೈವರ್ ಅಣ್ಣನ ಬಿಪಿ ಎಷ್ಟು ಅಂತ ಕೇಳಿಲ್ಲ. ಫೆಸ್ಟಿನ ಬ್ಯಾನರ್ ದುಡ್ಡಲ್ಲಿ ಒಂದೆರಡು ಬಿಪಿ ಮಿಷನ್ ಬರುತ್ತೆ. ಮೆಸ್ಸಿನ ಹತ್ತಿರ ಇಡಲಿ, ಅಡುಗೆಯವರು, ಡ್ರೈವರುಗಳು, ವಾಚ್‌ಮನ್‌ಗಳು ಮೊದಲು ನೋಡಿಸಿಕೊಳ್ಳಲಿ. ಇದು ನಮ್ಮ ಬೇಡಿಕೆ.

ಶನಿವಾರ ಊರಿಗೆ ಹೋಗೋರು ಅಪ್ಪ, ಅಮ್ಮ, ಅಜ್ಜಿಯನ್ನ ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿ. ಮಣಿಕಟ್ಟಿನ ನಾಡಿ ಹಿಡಿದು ಪೂರಾ ಒಂದು ನಿಮಿಷ ಎಣಿಸಿ. ತಾಳ ಏರುಪೇರಾಗಿದ್ದರೆ ಮಿಷನ್ನಿನ ಅಂಕಿಯೂ ಸಲಕ್ಕೊಂದು ಬರುತ್ತೆ, ಮೂರು ಸಲ ನೋಡಿ ಸರಾಸರಿ ಬರೆದಿಡಿ. ಮತ್ತೆ ಮತ್ತೆ 140/90 ದಾಟಿದರೆ, ಇಲ್ಲಾ ನಾಡಿ ಲೆಕ್ಕಕ್ಕೇ ಸಿಗದಿದ್ದರೆ, ಆ ಚೀಟಿ ಹಿಡ್ಕೊಂಡು ತಾಲ್ಲೂಕು ಆಸ್ಪತ್ರೆಗೆ ನೀವೇ ಕರ್ಕೊಂಡು ಹೋಗಿ.