ಉಬ್ಬರದ ಹೊತ್ತಿನ ಬಿಡಾರ

ಕಡಲಂಚಿನ ಹಕ್ಕಿಗಳನ್ನು ನೋಡಬೇಕೆಂದು ಹೊರಡತಕ್ಕವನು ಗಡಿಯಾರವನ್ನು ಮನೆಯಲ್ಲಿಯೇ ಬಿಟ್ಟು ಪಂಚಾಂಗವನ್ನು ಜೊತೆಗೊಯ್ಯುವುದು ಲೇಸು. ಸಮುದ್ರದ ಏರಿಳಿತವು ಚಂದ್ರಗತಿಯನ್ನು ಅನುಸರಿಸಿ ದಿನದಿನಕ್ಕೆ ಸುಮಾರು 50 ನಿಮಿಷದಷ್ಟು ತಡವಾಗುತ್ತ ಹೋಗುವುದರಿಂದ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಮಾವಾಸ್ಯೆಯ ನಸುಕಿನಲ್ಲಿ ತಗ್ಗಿದ್ದ ನೀರು ಅಷ್ಟಮಿಯ ಹೊತ್ತಿಗೆ ಅದೇ ನಸುಕಿನಲ್ಲಿ ದಡಕ್ಕೇರಿ ನಿಂತಿರುತ್ತದೆ. ಶನಿವಾರ ಬಂದು ಭಾನುವಾರ ತೆರಳುವ ಪಕ್ಷಿಪ್ರಿಯನು ಈ ಚಕ್ರದ ಒಂದು ತುಣುಕನ್ನು ಕಂಡು, ನಿನ್ನೆಯಿದ್ದ ಹಕ್ಕಿಗಳು ಇಂದೇಕಿಲ್ಲವೆಂದು ಸೋಜಿಗಪಡುತ್ತಾನೆ. ಒಂದು ವಾರ ನಿಂತು ನೋಡಿದವನಿಗಾದರೋ, ಹಕ್ಕಿಯ ದಿನಚರಿಯನ್ನು ಆಳುವವನು ಸೂರ್ಯನಿಗಿಂತ ಹೆಚ್ಚಾಗಿ ಚಂದ್ರನೆಂಬುದು ತಾನಾಗಿಯೇ ಮನದಟ್ಟಾಗುವುದು.

ಇದನ್ನು ಕಾಣಲು ಉತ್ತರ ಕನ್ನಡದ ಅಘನಾಶಿನಿಯ ಅಳಿವೆಗಿಂತ ಪ್ರಶಸ್ತವಾದ ಸ್ಥಳವನ್ನು ನಾನರಿಯೆ. ಶಿರಸಿಯ ಶಂಕರಹೊಂಡದಲ್ಲಿ ಉಗಮಿಸಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ದಾರಿಯಲ್ಲಿ ಯಾವ ಅಣೆಕಟ್ಟಿನ ತಡೆಗೂ ಸಿಕ್ಕದೆ ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಕೂಡುವ ಈ ನದಿಯು, ಘಟ್ಟದ ಕಾಡುಗಳ ಸಾರವನ್ನೆಲ್ಲ ಹೊತ್ತು ತಂದು ತನ್ನ ಮುಖದಲ್ಲಿ ಹರಡುತ್ತದೆ. ಕಾಂಡ್ಲಾ ಗಿಡಗಳ ನಡುವಿನ ಆ ಕೆಸರಿನಲ್ಲಿ ಬೆಳಚೆಂಬ ಚಿಪ್ಪುಜೀವಿ ಬೆಳೆಯುತ್ತದೆ. ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಮಳೆಗಾಲದ ಕಗ್ಗದ ಭತ್ತ, ಬಳಿಕ ಸಿಗಡಿ, ಮೀನು. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು. ನೀರಿಳಿದಾಗ ತೆರೆದುಕೊಳ್ಳುವ ಈ ಹರವನ್ನು ಖಾಲಿ ಜಾಗವೆಂದು ಭಾವಿಸಿ, ಇಲ್ಲಿ ಬೃಹತ್ ವಿದ್ಯುತ್ ಸ್ಥಾವರವನ್ನು ಸ್ಥಾಪಿಸುವ ಆಲೋಚನೆಯೂ ಒಮ್ಮೆ ನಡೆದಿತ್ತು. ಅದು ಕೈಬಿಟ್ಟುಹೋಯಿತು. 2024ರಲ್ಲಿ ಸುಮಾರು 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯು ರಾಮ್ಸಾರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿತವಾಯಿತು.

ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ನಡೆಯುವ ಭೋಜನದ ವ್ಯವಸ್ಥೆ ಬಹು ಸೂಕ್ಷ್ಮವಾದುದು. ಬಾಗಿದ ನೀಳ ಕೊಕ್ಕಿನ ಕಡಲ ಗೊರವವು ಆಳದಲ್ಲಿ ಅಡಗಿದ ಹುಳುವನ್ನು ಎಳೆದು ತೆಗೆದರೆ, ಕೆಂಪು ಕಾಲಿನ ಗೊರವವು ಮೇಲುಮೇಲಿನದನ್ನು ಹೆಕ್ಕುತ್ತದೆ. ಗಿಡ್ಡ ಕೊಕ್ಕಿನ ಪ್ಲೋವರ್‌ಗಳೋ ಕಣ್ಣನ್ನೇ ನಂಬಿ, ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಮಣ್ಣು ಅಲುಗಿದಲ್ಲಿ ಕುಕ್ಕುತ್ತವೆ. ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದಾದ ಈ ಪ್ಲೋವರ್‌ಗಳಲ್ಲಿ ಕೆಲವು ಬೇಸಿಗೆಯಲ್ಲಿ ಟಿಬೆಟ್, ಲಡಾಖ್‌ಗಳ ಉನ್ನತ ಪ್ರಸ್ಥಭೂಮಿಯಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬಂದವು. ಅವುಗಳ ಪಕ್ಕದಲ್ಲಿಯೇ ಮೊಣಕಾಲುದ್ದದ ನೀರಿನಲ್ಲಿ ಬೆಳಚು ಆಯುವ ಹೆಂಗಸರು ಇರುತ್ತಾರೆ. ಬಗ್ಗಿ ನಿಧಾನವಾಗಿ ಸಾಗುವ ಆ ಆಕೃತಿಗಳಿಗೆ ಹಕ್ಕಿಗಳು ಹೆದರುವುದು ಕಡಿಮೆ.

ಆದರೆ ನಮ್ಮ ಚರ್ಚೆಗಳೆಲ್ಲ ಈ ಕೆಸರಿನ ಸುತ್ತಲೇ ಸುತ್ತಿ, ದಿನದ ಉಳಿದರ್ಧವನ್ನು ಮರೆಯುತ್ತವೆಂಬುದು ನನ್ನ ಆಕ್ಷೇಪ. ನೀರು ತುಂಬಿ ಕೆಸರು ಮುಳುಗಿದ ಮೇಲೆ ಈ ಹಕ್ಕಿಗಳು ಎಲ್ಲಿಗೆ ಹೋಗಬೇಕು? ಅಳಿವೆಯ ಬಾಯಲ್ಲಿನ ಮರಳದಿಣ್ಣೆ, ಜನಸಂಚಾರವಿಲ್ಲದ ಕಡಲತಡಿ, ಉಪ್ಪಿನಾಗರದ ಬದು: ಇಂಥ ಎಡೆಗಳಲ್ಲಿ, ಗಾಳಿಗೆ ಎದುರಾಗಿ, ಒಂದೇ ಕಾಲಿನ ಮೇಲೆ, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ, ರೀವಗಳೂ ಕಡಲಹಕ್ಕಿಗಳೂ ಗೊರವಗಳೂ ಒಟ್ಟಾಗಿ ಕೆಲವು ತಾಸುಗಳನ್ನು ಕಳೆಯುತ್ತವೆ. ಉಂಡದ್ದು ಕೊಬ್ಬಾಗಿ ಮೈಗೂಡುವುದು ಈ ವಿಶ್ರಾಂತಿಯಲ್ಲಿ. ವಸಂತದಲ್ಲಿ ಉತ್ತರಕ್ಕೆ ಮರಳುವ ಯಾನಕ್ಕೆ ಅದೇ ಇಂಧನ. ಅವುಗಳನ್ನು ಮತ್ತೆ ಮತ್ತೆ ಎಬ್ಬಿಸುವುದೆಂದರೆ, ಪಂಕ್ತಿಯಲ್ಲಿ ಉಂಡು ಜಗಲಿಯಲ್ಲಿ ಒರಗಿದ ದೂರದ ಪಯಣಿಗನನ್ನು ಗಳಿಗೆಗೊಮ್ಮೆ ಊರು ಸುತ್ತಿಸಿದಂತೆ.

ಎಬ್ಬಿಸುವವರಿಗೇನು ಕೊರತೆಯೇ? ಅಷ್ಟಮಿಯ ಸುಮಾರಿಗೆ ಉಬ್ಬರವು ನಸುಕಿನಂತೆ ಸಂಜೆಗೂ ಬೀಳುತ್ತದೆ. ಗೋಕರ್ಣದ ಪ್ರಸಿದ್ಧಿಯಿಂದ ಆಕರ್ಷಿತರಾದ ಪ್ರವಾಸಿಗಳು ಸೂರ್ಯಾಸ್ತವನ್ನು ಅರಸಿ ಮರಳಿಗೆ ಬರುವುದೂ ಅದೇ ಹೊತ್ತಿನಲ್ಲಿ. ನೀರು ಒಂದು ಕಡೆಯಿಂದಲೂ ಜನ, ನಾಯಿ, ಮೋಟಾರು ದೋಣಿಗಳು ಮತ್ತೊಂದು ಕಡೆಯಿಂದಲೂ ಒತ್ತಿದಾಗ ಹಕ್ಕಿಗೆ ಉಳಿಯುವುದು ಆಕಾಶವೊಂದೇ. ಇವರಿಗಾದರೂ ಅಲ್ಲಿ ಹಕ್ಕಿಯಿದೆಯೆಂಬ ಅರಿವಿಲ್ಲ, ಕ್ಷಮಿಸಬಹುದು. ಹಕ್ಕಿಯ ಹೆಸರು, ಕುಲ, ಗೋತ್ರಗಳನ್ನೆಲ್ಲ ಬಲ್ಲ ಛಾಯಾಗ್ರಾಹಕನು, ಹಾರುವ ಹಿಂಡಿನ ಚಿತ್ರಕ್ಕಾಗಿ ಮಲಗಿದ ಹಿಂಡಿನತ್ತ ಬೇಕೆಂದೇ ಓಡಿದುದನ್ನು ನಾನು ಕಂಡಿದ್ದೇನೆ. ಅವನನ್ನು ಪಕ್ಷಿಪ್ರಿಯನೆಂದು ಕರೆಯಲು ನನ್ನ ನಾಲಗೆ ಏಳದು.

ರಾಮ್ಸಾರ್ ಪಟ್ಟಿಗೆ ಸೇರಿದ ಮಾತ್ರಕ್ಕೆ ಈ ಕಾಟವು ನಿಲ್ಲಲಾರದು. ಇಡೀ ಕಡಲತೀರಕ್ಕೆ ಬೇಲಿ ಹಾಕಿರೆಂದೂ ನಾನು ಹೇಳುತ್ತಿಲ್ಲ. ಅಂಥ ಕಟ್ಟಳೆಗಳು ಬಂದಾಗ ಮೊದಲು ಬಾಧೆಗೊಳಗಾಗುವವರು ಬೆಳಚಿನ ಹೆಂಗಸರು ಮತ್ತು ಬಲೆಯ ಮೀನುಗಾರರೇ ಹೊರತು ಬಾಡಿಗೆಯ ಕಾರಿನಲ್ಲಿ ಬಂದವರಲ್ಲ. ಇದೇ ಜಿಲ್ಲೆಯ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಟ್ಟರೆ ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ಕಾಯುವ ವಾಡಿಕೆ ಬೆಳೆದಿದೆ, ಊರವರೂ ಅದಕ್ಕೆ ಹೊಂದಿಕೊಂಡಿದ್ದಾರೆ. ಹಕ್ಕಿಗೆ ಬೇಕಾದುದು ಅಷ್ಟೂ ಅಲ್ಲ: ಹಿಂಡು ರೂಢಿಯಾಗಿ ತಂಗುವ ತುಣುಕು ಮರಳಿಗೆ, ನವೆಂಬರಿನಿಂದ ಮಾರ್ಚಿನವರೆಗೆ, ಉಬ್ಬರದ ಆಚೀಚಿನ ಎರಡೆರಡು ತಾಸು ಒಂದು ಹಗ್ಗದ ಗಡಿ. ಇಳಿತವಾದೊಡನೆ ಹಗ್ಗ ಬಿಚ್ಚಿದರಾಯಿತು. ಉಬ್ಬರದ ವೇಳೆಗಳನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯು ವರ್ಷವರ್ಷವೂ ಮುಂಗಡವಾಗಿ ಕೋಷ್ಟಕರೂಪದಲ್ಲಿ ಪ್ರಕಟಿಸುತ್ತದೆ. ಅದನ್ನು ನೋಡಿ ಆಯಾ ವಾರದ ಹೊತ್ತುಗಳನ್ನು ಹಲಗೆಯ ಮೇಲೆ ಬರೆಸುವುದು ಗ್ರಾಮಪಂಚಾಯಿತಿಗೆ ಹೊರೆಯಾಗಲಾರದು. ಹಗ್ಗ ಕಾಯುವ ಕೆಲಸಕ್ಕೆ ಪ್ರವಾಸಿಗಳನ್ನು ಕರೆದೊಯ್ಯುವ ದೋಣಿಯವರನ್ನೇ ಕೂಲಿಗೆ ಗೊತ್ತುಮಾಡಬೇಕು, ಏಕೆಂದರೆ ಯಾವ ದಿಣ್ಣೆ ಯಾವ ತಿಥಿಯಲ್ಲಿ ಮುಳುಗುವುದೆಂಬುದು ಅವರಿಗೆ ಕೋಷ್ಟಕವಿಲ್ಲದೆಯೂ ಗೊತ್ತು.