ಮಡಿ ಯಾರಿಗೆ, ಸೂಜಿ ಯಾರಿಗೆ?

2020ರಲ್ಲಿ ಕೊರೊನಾ ಬಂದಾಗ ಅಗ್ರಹಾರದ ಬುದ್ಧಿವಂತರು ಒಂದು ಮಾತು ತೇಲಿಬಿಟ್ಟರು. 'ನಮ್ಮ ಹಿರಿಯರು ಮಡಿ ಅಂತ ಮಾಡಿದ್ದು ಇದಕ್ಕೇ ನೋಡಿ. ಮುಟ್ಟಬೇಡ, ದೂರ ನಿಲ್ಲು ಅಂದದ್ದರಲ್ಲಿ ವಿಜ್ಞಾನವಿತ್ತು.' ಓದಿದವರೂ ತಲೆಯಾಡಿಸಿದರು.

ವಿಜ್ಞಾನವಂತೆ! 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕಂಡುಕೊಂಡದ್ದೇನು? ಹೆಣ ಕೊಯ್ದು ಬಂದು ಅದೇ ಕೈಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಡಾಕ್ಟರುಗಳೇ ಬಾಣಂತಿಯರಿಗೆ ಸಾವು ಹಂಚುತ್ತಿದ್ದರು. ಸೂಲಗಿತ್ತಿಯರ ವಾರ್ಡಿನಲ್ಲಿ ಸಾವು ಕಡಿಮೆಯಿತ್ತು. ದೊಡ್ಡವರ ಕೈಯೇ ಕೊಳಕು ಅಂದದ್ದಕ್ಕೆ ದೊಡ್ಡವರು ಅವನ ಮೇಲೆ ಮುರಕೊಂಡು ಬಿದ್ದರು. ಸೋಂಕಿನ ವಿಜ್ಞಾನ ಶುರುವಾದದ್ದೇ ಹೀಗೆ. ಮಡಿ ಹುಡುಕೋದು ಮನುಷ್ಯನನ್ನು, ವಿಜ್ಞಾನ ಹುಡುಕೋದು ರೋಗಾಣುವನ್ನು. ಮಡಿಯ ಲೆಕ್ಕದಲ್ಲಿ ಹೊಲಸು ಮಾಡಿದವನು ಶುದ್ಧ, ಎತ್ತಿದವನು ಮೈಲಿಗೆ.

ಇವತ್ತಿನ ಆಸ್ಪತ್ರೆಗಳಲ್ಲೂ ಈ ಲೆಕ್ಕವೇ ನಡೀತಿದೆ. ಪೊರಕೆ ಹಿಡಿದ ಕೈ ಯಾವ ಕೇರಿಯದು ಅಂತ ತಿಳಿಯೋಕೆ ಹಾಜರಿ ಪುಸ್ತಕ ನೋಡಬೇಕಾಗಿಲ್ಲ. ನಮ್ಮ ಚಿಕ್ಕವ್ವ ತಾಲ್ಲೂಕಿನ ಒಂದು ನರ್ಸಿಂಗ್ ಹೋಮಿನಲ್ಲಿ ಕಸ ಹೊಡೀತಾಳೆ. ತೆಳು ಚೀಲದಿಂದ ಸೂಜಿ ಹೊರಬಂದು ತೊಡೆಗೆ ಚುಚ್ಚಿತು. 'ಸ್ಪಿರಿಟ್ ಹಚ್ಕೊ ಹೋಗು' ಅಂದರು. ಲಸಿಕೆ ಹಾಕಿದಾರೇನವ್ವ ಅಂತ ಕೇಳಿದೆ. 'ಯಾವುದಪ್ಪ, ಕೊರೊನಾದ್ದಾ? ಅದಾಯ್ತಲ್ಲ' ಅಂದಳು.

ಅದಲ್ಲ ಚಿಕ್ಕವ್ವ. ಹೆಪಟೈಟಿಸ್ ಬಿ. ಎಚ್‌ಐವಿ ಅಂದರೆ ಎಲ್ಲರೂ ಬೆಚ್ಚುತ್ತಾರೆ. ಸೋಂಕಿರುವ ಸೂಜಿ ಚುಚ್ಚಿದರೆ ಅದು ಅಂಟೋದು ಸಾವಿರಕ್ಕೆ ಸುಮಾರು 3 ಸಲ. ಲಸಿಕೆಯಿಲ್ಲದ ಮೈಗೆ ಹೆಪಟೈಟಿಸ್ ಬಿ ಅಂಟೋದು ನೂರಕ್ಕೆ 6ರಿಂದ 30 ಸಲ. ಅಂಟಿ ಉಳಿದರೆ ಈಲಿಯನ್ನೇ ತಿನ್ನುತ್ತೆ. ತಡೆಯೋಕೆ ಆರು ತಿಂಗಳಲ್ಲಿ ಮೂರು ಡೋಸು ಸಾಕು. ನಡುವೆ ಕಂಟ್ರಾಕ್ಟರು ಬದಲಾದರೆ ಮೂರನೇ ಡೋಸು ಯಾರ ಲೆಕ್ಕ?

ಕಾನೂನು ಇಲ್ಲವೇ? ಇದೆ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆ ನಿಯಮಗಳು, 2016. ಗ್ರಾಮೀಣ ಮೇಷ್ಟ್ರುಗಳು ಇದರ 4ನೇ ನಿಯಮವನ್ನು ಒಮ್ಮೆ ಓದಬೇಕು. ಆಸ್ಪತ್ರೆಯ ಆಡಳಿತ ಯಾರ ಕೈಯಲ್ಲಿದೆಯೋ ಹೊಣೆ ಅವರದ್ದು. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸಬೇಕು. ಕೆಲಸಕ್ಕೆ ಸೇರಿದಾಗ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ತರಬೇತಿ, ಆರೋಗ್ಯ ತಪಾಸಣೆ. ಗ್ಲೌಸು, ಬೂಟು ಕೊಡಬೇಕು. ರಕ್ತ ಮೆತ್ತಿದ ಬಟ್ಟೆ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೆಂಪಿಗೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಈ ವಿಂಗಡಣೆ ಆಗಬೇಕಾದ್ದು ಕಸ ಹುಟ್ಟಿದ ಜಾಗದಲ್ಲೇ, ಅಂದರೆ ಸೂಜಿ ಚುಚ್ಚಿದ ಕೈಯಲ್ಲೇ. ಹಿತ್ತಲಲ್ಲಿ ಬಗ್ಗಿ ಕೂತ ಹೆಂಗಸಿನ ಕೈಯಲ್ಲಲ್ಲ!

'ಅವರು ನಮ್ಮ ನೌಕರರಲ್ಲ, ಕಂಟ್ರಾಕ್ಟರ ಕಡೆಯವರು' ಅಂತಾರೆ. ಲಸಿಕೆಯ ಮಾತು ಬರೆದವರು ಆಸ್ಪತ್ರೆ ಸಿಬ್ಬಂದಿ 'ಮತ್ತು ಕಸ ನಿರ್ವಹಿಸುವ ಇತರರು' ಎಂಬರ್ಥದಲ್ಲೇ ಬರೆದಿದ್ದಾರೆ. 2017ರ ಎಚ್‌ಐವಿ ಕಾಯಿದೆಯೂ ಅಷ್ಟೆ: ಸೂಜಿ ಚುಚ್ಚಿಸಿಕೊಂಡವರಿಗೆ ತಡೆ ಔಷಧಿಯನ್ನು ಸಂಸ್ಥೆಯೇ ಒದಗಿಸಬೇಕು. ಅದನ್ನು 72 ಗಂಟೆಯೊಳಗೆ ಶುರುಮಾಡಬೇಕು. ಯಾರೂ ಹೇಳದೇ ಹೋದರೆ 72 ಗಂಟೆ ಅಂದರೆ ಮೂರು ದಿನದ ಕೂಲಿ, ಅಷ್ಟೆ.

ಇನ್ನು ಶಿಕ್ಷೆಯ ಕತೆ ಕೇಳಿ. ಈ ನಿಯಮಗಳ ಬೇರು 1986ರ ಪರಿಸರ ಸಂರಕ್ಷಣಾ ಕಾಯಿದೆ. ಮುರಿದವನಿಗೆ ಐದು ವರ್ಷದವರೆಗೆ ಜೈಲು ಅಂತಿತ್ತು. 2023ರಲ್ಲಿ 'ಜನ ವಿಶ್ವಾಸ' ಅಂತ ಒಂದು ಕಾಯಿದೆ ತಂದು ಅದನ್ನು ಕಿತ್ತುಹಾಕಿದರು. 2024ರ ಏಪ್ರಿಲ್‌ನಿಂದ ಮುರಿದದ್ದಕ್ಕೆ ದಂಡ ಮಾತ್ರ, 10 ಸಾವಿರದಿಂದ 15 ಲಕ್ಷ. ಯಾವ ಜನ? ಯಾರ ಮೇಲಿನ ವಿಶ್ವಾಸ? ಆ ಜೈಲಿಗೆ ಎಷ್ಟು ಧಣಿಗಳು ಹೋಗಿದ್ದರು ಅನ್ನೋದು ಬೇರೆ ಮಾತು. ಆದರೂ ಹೆದರಿಸೋಕೆ ಒಂದು ಸಾಲಿತ್ತು. ಈಗ ಆ ಸಾಲೂ ಇಲ್ಲ. 2020ರ ಮೇ ತಿಂಗಳಲ್ಲಿ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿಂದ ಹೂ ಸುರಿದರಲ್ಲ, ಆ ಹೂ ಗುಡಿಸಿದವರು ಯಾರು?

ಗೆಳೆಯರೇ, ಧಿಕ್ಕಾರ ಕೂಗೋಣ, ಕೂಗಲೇಬೇಕು. ಅದರ ಜೊತೆಗೆ ಒಂದು ಅರ್ಜಿಯನ್ನೂ ಬರೆಯೋಣ. ಪ್ರತಿ ಆಸ್ಪತ್ರೆಯೂ ಜೂನ್ 30ರೊಳಗೆ ನಮೂನೆ 4ರಲ್ಲಿ ವಾರ್ಷಿಕ ವರದಿ ಕೊಡಬೇಕು. ಎಷ್ಟು ಜನಕ್ಕೆ ತರಬೇತಿಯಾಯಿತು, ಎಷ್ಟು ಅಪಘಾತವಾಯಿತು ಅಂತ ಅದರಲ್ಲಿ ಕಾಲಂ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅಪಘಾತದ ಕಾಲಮ್ಮಿನಲ್ಲಿ ಸೊನ್ನೆ ಕಂಡರೆ ಅದನ್ನು ಹಿಡಕೊಂಡು ಆಯಾಗಳ ಹತ್ತಿರ, ಕಸದವರ ಹತ್ತಿರ ಹೋಗಿ ಓದಿ ಹೇಳಿ. ಅವರು ಏನಂತಾರೋ ಬರೆದುಕೊಳ್ಳಿ. ಖಾಸಗಿಯವರದ್ದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿ; ಆ ವರದಿ ಅಲ್ಲಿಗೆ ಹೋಗಲೇಬೇಕು. ಚಿಕ್ಕವ್ವನ ನರ್ಸಿಂಗ್ ಹೋಮಿನದ್ದಕ್ಕೆ ನಾನು ಹಾಕ್ತಿದೀನಿ.